‘ಸ್ಮಾರಕಗಳ ಸ್ಮಾರಕ ನಾಣ್ಯ’ ಎಂದು ಬರೆಯಬಹುದೇ?

ಪ್ರಶ್ನೆ:
ನಾಣ್ಯ ಪ್ರದರ್ಶನವೊಂದಕ್ಕೆ ಕನ್ನಡದ ಫಲಕಗಳನ್ನು ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕಾಗಿರುವುದರಿಂದ ತುರ್ತಾಗಿ ಒಂದು ಪದ ಬೇಕಾಗಿದೆ. ವಿಶ್ವಪರಂಪರೆಯ ತಾಣಗಳನ್ನು ಕುರಿತು ಜರ್ಮನಿ ಹೊರತಂದ, 100 ಯೂರೋ ಮುಖಬೆಲೆಯ ಚಿನ್ನದ ನಾಣ್ಯಗಳು ಅಲ್ಲಿರುತ್ತವೆ: 2003ರ ಕ್ವೆಡ್ಲಿನ್‌ಬುರ್ಗ್, 2007ರ ಲ್ಯೂಬೆಕ್, 2012ರ ಆಖೆನ್ ಕೆಥೆಡ್ರಲ್. ಒಂದೊಂದೂ 28 ಮಿಲಿಮೀಟರ್ ಅಗಲದ್ದು, ಅರ್ಧ ಔನ್ಸ್ ತೂಕದ್ದು. ಇಂಥವನ್ನು ‘ಸ್ಮಾರಕ ನಾಣ್ಯ’ ಎನ್ನುವುದುಂಟು. ಆದರೆ ಮೇಲೆ ಮೂಡಿರುವ ಕಟ್ಟಡವೂ ‘ಸ್ಮಾರಕ’ವೇ ಆಗಿರುವುದರಿಂದ ನನ್ನ ಶೀರ್ಷಿಕೆ ‘ಸ್ಮಾರಕಗಳ ಸ್ಮಾರಕ ನಾಣ್ಯಗಳು’ ಎಂದಾಗಿದೆ. ಬೇರೆ ದಾರಿಯಿದೆಯೇ?

ಉತ್ತರ 1:
ಸಂಸ್ಕೃತದ ‘ಸ್ಮೃ’ ಧಾತುವಿಗೆ ಜೋತುಬಿದ್ದರೆ ಆಗುವುದೇ ಇದು. ‘ಸ್ಮಾರಕ’ವನ್ನೂ ಬಿಡಿ, ‘ನಾಣಕ’ದಿಂದ ಎರವಲು ತಂದ ‘ನಾಣ್ಯ’ವನ್ನೂ ಬಿಡಿ. ಹಳಗನ್ನಡದ ‘ಪೊನ್’, ನಮ್ಮ ‘ಹೊನ್ನು’, ಲೋಹವನ್ನೂ ಅದರಿಂದ ಮಾಡಿದ ಹಣವನ್ನೂ ಒಂದೇ ಪದದಲ್ಲಿ ಹೇಳುತ್ತದೆ. ದತ್ತಿಯ ಲೆಕ್ಕವನ್ನು ಹೊನ್ನು, ಗದ್ಯಾಣಗಳಲ್ಲಿ ಕೊಡುವ ಶಾಸನಗಳು ನಾಡಿನ ತುಂಬ ಇವೆ. ‘ನೆನಪಿನ ಹೊನ್ನು’ ಎಂದು ಬರೆಯಿರಿ. ಸ್ವಂತದ್ದಿರುವಾಗ ಎರವಲೇಕೆ?

ಉತ್ತರ 2:
‘ನೆನಪಿನ ಹೊನ್ನು’ ಕವಿತೆಗೆ ಸರಿ, ಫಲಕಕ್ಕೆ ಸಲ್ಲದು. ಈ ಬಿಲ್ಲೆಯ ಒಂದು ಬದಿಯಲ್ಲಿ ಕಟ್ಟಡವಿದ್ದರೆ, ಇನ್ನೊಂದು ಬದಿಯಲ್ಲಿ ಹದ್ದು, ಹನ್ನೆರಡು ನಕ್ಷತ್ರಗಳು, ಮುಖಬೆಲೆ ಮತ್ತು ಟಂಕಸಾಲೆಯನ್ನು ಸೂಚಿಸುವ ಒಂದು ಪುಟ್ಟ ಅಕ್ಷರವಿವೆ. ಬರ್ಲಿನ್‌ಗೆ ‘ಎ’, ಕಾರ್ಲ್ಸ್‌ರೂಹೆಗೆ ‘ಜಿ’. ಒಳಗಿರುವ ಚಿನ್ನದ ಬೆಲೆ 100 ಯೂರೋಗಳನ್ನು ಎಷ್ಟೇ ಮೀರಿರಲಿ, ಅದನ್ನು ಪದಕದಿಂದ ಬೇರ್ಪಡಿಸುವುದು ಈ ಮುಖಬೆಲೆಯೇ. ಶಾಸನದ ಕಾಲದ ಓದುಗನಿಗೆ ‘ಹೊನ್ನು’ ಎಂದರೆ ಹಣವೆಂದು ತಿಳಿಯುತ್ತಿತ್ತು. ಇಂದು ಫಲಕದ ಮುಂದೆ ನಿಂತವನಿಗೆ ಬರಿಯ ಚಿನ್ನವೆಂದಷ್ಟೇ ತಿಳಿಯುತ್ತದೆ.

‘ನಾಣ್ಯ’ವನ್ನು ಎರವಲೆಂದು ಹೊರಹಾಕುವುದನ್ನು ನಾನು ಒಪ್ಪುವುದಿಲ್ಲ. ‘ನಾಣ್ಯವಾದ ಬಟ್ಟೆ’, ‘ನಾಣ್ಯಸ್ಥ’ ಎಂದು ಗುಣಕ್ಕೂ ಪ್ರಾಮಾಣಿಕತೆಗೂ ಕನ್ನಡಿಗರು ಬಳಸುವ ಪದವದು. ಅಷ್ಟು ಒಳಗೆ ಬಂದು ಬೇರೂರಿದ್ದನ್ನು ಇನ್ನೂ ನೆಂಟನೆಂದು ಕರೆಯುವುದು ನ್ಯಾಯವಲ್ಲ. ಅಷ್ಟಕ್ಕೂ ಹೊನ್ನಿನ ಪಕ್ಕದಲ್ಲೇ ನಮ್ಮ ಹಿರಿಯರು ಚಲಾವಣೆಗೆ ತಂದ ‘ವರಾಹ’ ಯಾವ ಭಾಷೆಯದು?

ಇನ್ನು ‘ಸ್ಮಾರಕ’. ನೆನಪಿಸುವಂಥದ್ದು ಎಂಬ ಅರ್ಥದಲ್ಲಿ ಅದು ನಾಣ್ಯಕ್ಕೂ ಒಪ್ಪುತ್ತದೆ, ವ್ಯಾಕರಣದ ತಪ್ಪೇನಿಲ್ಲ. ಆದರೆ ಇಂದಿನ ಬಳಕೆ ಅದನ್ನು ಕಟ್ಟಡಕ್ಕೆ ಕಟ್ಟಿಹಾಕಿದೆ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯನ್ನು ನಾವು ‘ಸ್ಮಾರಕಗಳ ಸಮೂಹ’ ಎಂದೇ ಓದುತ್ತೇವೆ. ಹಾಗಾಗಿ ನಾಣ್ಯಕ್ಕೆ ‘ಸ್ಮರಣ’ ಇರಲಿ. ‘ಸ್ಮರಣಾರ್ಥ’ವೂ ಆಗುತ್ತದೆ, ಆದರೆ ಫಲಕಕ್ಕೆ ಉದ್ದ.

ಇನ್ನೊಂದು ತಪ್ಪು ನಿಮ್ಮ ಶೀರ್ಷಿಕೆಯಲ್ಲೇ ಇದೆ. ಆಖೆನ್ ಒಂದು ಕಟ್ಟಡ, ನಿಜ. ಆದರೆ ಲ್ಯೂಬೆಕ್ ಎಂದರೆ ಹಳೆಯ ಪೇಟೆ, ಕ್ವೆಡ್ಲಿನ್‌ಬುರ್ಗ್ ಎಂದರೆ ಇಗರ್ಜಿ, ಕೋಟೆಮನೆ, ಹಳೆಯ ಊರು ಎಲ್ಲವೂ ಸೇರಿದ್ದು. ಇಡೀ ಊರನ್ನು ‘ಸ್ಮಾರಕ’ ಎಂದರೆ ಅಲ್ಲಿ ಜನ ವಾಸವಾಗಿರುವುದನ್ನೇ ಮರೆತಂತಾಗುತ್ತದೆ. ‘ವಿಶ್ವಪರಂಪರೆಯ ತಾಣಗಳು: ಜರ್ಮನಿಯ ಚಿನ್ನದ ಸ್ಮರಣ ನಾಣ್ಯಗಳು’ ಎಂದು ಬರೆದು ಅಚ್ಚಿಗೆ ಕೊಡಿ. ಕೆಳಗಿನ ವಿವರದಲ್ಲಿ ‘ಟಂಕಸಾಲೆಯ ಗುರುತು’ ಎಂಬುದನ್ನು ಮಾತ್ರ ಬಿಡಬೇಡಿ. ಸಂಗ್ರಾಹಕರು ಮೊದಲು ಹುಡುಕುವುದು ಆ ಅಕ್ಷರವನ್ನೇ.