ಕೊಲಂಬಿಯಾದ 12 ವರ್ಷದ ಹುಡುಗಿ, ನಾಲ್ಕು ವಾರ ನಮ್ಮನೆಯಲ್ಲಿ: ಏನೇನು ತಯಾರಿ ಬೇಕು?

ಪ್ರಶ್ನೆ: ನಾವಿರುವುದು ಟೆಕ್ಸಸ್‌ನ ಡಾಲಸ್ ಹತ್ತಿರ. ಕೊಲಂಬಿಯಾದ ಅನಾಥಾಶ್ರಮದಲ್ಲಿರುವ 12 ವರ್ಷದ ಹುಡುಗಿಯನ್ನು ಒಂದು ಸಂಸ್ಥೆಯ ಆತಿಥ್ಯ ಕಾರ್ಯಕ್ರಮದ ಮೂಲಕ ಬೇಸಿಗೆ ರಜೆಯಲ್ಲಿ ನಾಲ್ಕು ವಾರ ಮನೆಯಲ್ಲಿ ಇರಿಸಿಕೊಳ್ಳುವ ಯೋಚನೆ ಇದೆ. ಹೊಂದಿಕೊಂಡರೆ ದತ್ತು ಪಡೆಯುವ ಆಸೆ. ಮನೆಯಲ್ಲಿ 8 ವರ್ಷದ ಮಗ, ಆ ಹೊತ್ತಿಗೆ ಮೈಸೂರಿನಿಂದ ಅತ್ತೆ ಮಾವನೂ ಬಂದಿರುತ್ತಾರೆ. ನಾವು ಸಸ್ಯಾಹಾರಿಗಳು. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ದತ್ತು ಕಾಗದಪತ್ರದ ಕೆಲಸ): ಮೇಡಂ, ಹಾಸಿಗೆ ದಿಂಬು ಕೊಳ್ಳುವ ಮೊದಲು ನಿಮ್ಮಿಬ್ಬರ ವೀಸಾ ಸ್ಥಿತಿ ನೋಡಿಕೊಳ್ಳಿ. ದೇಶದೇಶಗಳ ನಡುವಿನ ದತ್ತಿನ ಹೇಗ್ ಒಪ್ಪಂದಕ್ಕೆ ಸೇರಿದ ಕೊಲಂಬಿಯಾದಂಥ ದೇಶದಿಂದ ದತ್ತು ಮಗುವನ್ನು ಅಮೆರಿಕಕ್ಕೆ ಕರೆತರಲು ಮೊದಲು ಐ-800ಎ (ದತ್ತು ಪಡೆಯಲು ನೀವು ಅರ್ಹರೇ ಎಂದು ನೋಡುವ) ಅರ್ಜಿ ಹಾಕಬೇಕು, ಅದನ್ನು ಅಮೆರಿಕದ ಪ್ರಜೆ ಮಾತ್ರ ಹಾಕಬಹುದು. ಗಂಡ ಹೆಂಡತಿಯಲ್ಲಿ ಒಬ್ಬರಾದರೂ ಪ್ರಜೆ ಆಗಿರಬೇಕು, ಇನ್ನೊಬ್ಬರ ವೀಸಾ ಸಕ್ರಮವಾಗಿರಬೇಕು. ಇಬ್ಬರೂ ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿದ್ದರೆ ಈ ದಾರಿ ಸದ್ಯಕ್ಕೆ ತೆರೆಯುವುದಿಲ್ಲ. ಹಾಗಿದ್ದಾಗ ‘ಹೊಂದಿಕೊಂಡರೆ ದತ್ತು’ ಎಂದು ಮಗುವನ್ನು ಕರೆಸುವುದು ಅದಕ್ಕೆ ಮಾಡುವ ಅನ್ಯಾಯ. ಬೇರೆ ಕುಟುಂಬಕ್ಕೆ ಅವಳನ್ನು ಪರಿಚಯಿಸುವ ಆತಿಥೇಯರಾಗಿ ಇರಬಹುದೇ ಎಂದು ಆತಿಥ್ಯ ನಡೆಸುವ ಸಂಸ್ಥೆಯನ್ನು ಕೇಳಿ, ಅದಕ್ಕೂ ಮನೆಗಳು ಬೇಕು.

ಕೊಲಂಬಿಯಾದ ಕಾನೂನಿನಂತೆ ದತ್ತು ಪಡೆಯುವವರಿಗೆ ಕನಿಷ್ಠ 25 ವರ್ಷ ಆಗಿರಬೇಕು, ಮಗುವಿಗಿಂತ ಕನಿಷ್ಠ 15 ವರ್ಷ ದೊಡ್ಡವರಾಗಿರಬೇಕು. ಅಲ್ಲಿ ತೀರ್ಮಾನ ಮಾಡುವುದು ಐಸಿಬಿಎಫ್ ಎಂಬ, ಮಕ್ಕಳ ಕಲ್ಯಾಣ ನೋಡಿಕೊಳ್ಳುವ ಸರ್ಕಾರಿ ಇಲಾಖೆ. ಹುಡುಗಿ ಇಲ್ಲಿಗೆ ಬರುವುದು ಬಿ-2 ಪ್ರವಾಸಿ ವೀಸಾದಲ್ಲಿ. ಅವಧಿ ಮುಗಿದ ಕೂಡಲೇ ವಾಪಸ್ ಹೋಗಲೇಬೇಕು. ಇಲ್ಲೇ ಇರಿಸಿಕೊಂಡು ಇಲ್ಲಿನ ಕೋರ್ಟಿನಲ್ಲಿ ದತ್ತು ಮಾಡಿಕೊಳ್ಳೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ, ಇಡೀ ಕೇಸೇ ಕೆಡುತ್ತದೆ.

ಆತಿಥ್ಯ ನಡೆಸುವ ಸಂಸ್ಥೆಯಿಂದ ನಾಲ್ಕು ವಿಷಯ ಬರವಣಿಗೆಯಲ್ಲಿ ಪಡೆಯಿರಿ. ಈ ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತ ಎಂಬ ಘೋಷಣೆ ಆಗಿದೆಯೇ? ಒಡಹುಟ್ಟಿದವರು ಎಷ್ಟು ಜನ, ಎಲ್ಲಿದ್ದಾರೆ? ಖಚಿತ ಜನ್ಮದಿನಾಂಕ ಯಾವುದು? ಬೇರೆ ಕುಟುಂಬ ಆಗಲೇ ಅರ್ಜಿ ಹಾಕಿದೆಯೇ? ಆತಿಥ್ಯಕ್ಕೆ ಬರುವ ಎಲ್ಲ ಮಕ್ಕಳೂ ದತ್ತಿಗೆ ಮುಕ್ತರಾಗಿರುವುದಿಲ್ಲ. ಒಡಹುಟ್ಟಿದವರ ವಿಷಯ ಕೊನೆಗೆ ಗೊತ್ತಾದರೆ ಒಂದು ಮಗುವಿಗೆ ಸಿದ್ಧರಾದವರು ಮೂವರ ಮುಂದೆ ನಿಲ್ಲುತ್ತಾರೆ. ವಯಸ್ಸೂ ಮುಖ್ಯ: ಸಾಮಾನ್ಯವಾಗಿ ಮಗುವಿಗೆ 16 ತುಂಬುವ ಮೊದಲೇ ಐ-800 (ಆ ನಿರ್ದಿಷ್ಟ ಮಗುವಿಗಾಗಿ ಹಾಕುವ ಅರ್ಜಿ) ಸಲ್ಲಿಕೆಯಾಗಿರಬೇಕು. 12 ಎಂದರೆ ನಿಮಗೆ ಸಮಯವಿದೆ, 15ರ ಮಗುವಾಗಿದ್ದರೆ ಆತಿಥ್ಯಕ್ಕೆ ಮೊದಲೇ ಗೃಹ ಅಧ್ಯಯನ (ಸಮಾಜ ಕಾರ್ಯಕರ್ತರು ನಿಮ್ಮ ಮನೆ, ಕುಟುಂಬ ನೋಡಿ ಕೊಡುವ ವರದಿ) ಶುರುವಾಗಬೇಕಿತ್ತು.

ಅಂತರ್ಜಾಲದಲ್ಲಿ ಸಿಗುವ ಹಳೆಯ ಸಲಹೆಗಳು ಬಹಳಷ್ಟು ರಷ್ಯಾ, ಯುಕ್ರೇನ್ ಮಕ್ಕಳ ಕಾಲದವು. ಅಮೆರಿಕನ್ನರಿಗೆ ರಷ್ಯಾದ ಬಾಗಿಲು 2013ರಲ್ಲಿ ಮುಚ್ಚಿತು, ಯುಕ್ರೇನಿನ ದತ್ತು 2022ರ ಯುದ್ಧದೊಂದಿಗೆ ನಿಂತಿತು. ಆ ಕ್ರಮಗಳನ್ನು ಕೊಲಂಬಿಯಾಕ್ಕೆ ಅನ್ವಯಿಸಬೇಡಿ.

ಉತ್ತರ 2 (ಮಕ್ಕಳ ವಿಭಾಗದ ನರ್ಸ್): ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರಪತ್ರದ ಎರಡು ಪ್ರತಿ ಇರಲಿ, ಒಂದು ಕಾರಿನಲ್ಲಿ, ಒಂದು ಮನೆಯಲ್ಲಿ. ಅದಿಲ್ಲದೆ ತುರ್ತಲ್ಲದ ಚಿಕಿತ್ಸೆಗೆ ಕ್ಲಿನಿಕ್ಕಿನವರು ಕೈ ಹಾಕುವುದಿಲ್ಲ. ಪ್ರಯಾಣ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆ, ಹಲ್ಲಿನ ಕೆಲಸ ಸೇರಿದೆಯೇ ಎಂದು ಓದಿ ನೋಡಿ. ಹುಳುಕು ಹಲ್ಲು ಬಹಳ ಮಕ್ಕಳಲ್ಲಿರುತ್ತದೆ. ಎರಡನೇ ವಾರಕ್ಕೆ ದಂತವೈದ್ಯರ ಸಮಯ ಈಗಲೇ ಗೊತ್ತುಮಾಡಿ, ಕೊನೆಯ ವಾರಕ್ಕೆ ಬಿಟ್ಟರೆ ಅರ್ಧ ಮಾಡಿದ ಹಲ್ಲಿನೊಂದಿಗೆ ವಿಮಾನ ಹತ್ತುತ್ತಾಳೆ.

ಹೇನು ಇದ್ದರೆ ನಾಚಿಕೆಪಡಿಸಬೇಡಿ. ಮೊದಲ ಸ್ನಾನದ ದಿನ ಒದ್ದೆ ಕೂದಲನ್ನು ಸೀರಣಿಗೆಯಲ್ಲಿ ಬಾಚಿ ನೋಡಿ. ಕಂಡರೆ 1% ಪರ್ಮೆಥ್ರಿನ್ ಎಂಬ ಹೇನಿನ ಔಷಧ ಹಚ್ಚಿ, ಒಂಬತ್ತನೇ ದಿನ ಇನ್ನೊಮ್ಮೆ. ಎರಡನೇ ಸಲ ಬಿಟ್ಟರೆ ಸೀರುಗಳು ಒಡೆದು ಮತ್ತೆ ಮೊದಲಿಗೇ ಬರುತ್ತದೆ. ದಿನದ ಮಾತ್ರೆಗಳೇನಾದರೂ ಇದ್ದರೆ ವಿಮಾನ ನಿಲ್ದಾಣದಲ್ಲೇ ಜೊತೆಗೆ ಬಂದವರಿಂದ ಚೀಟಿ ಸಮೇತ ಕೈಗೆ ತೆಗೆದುಕೊಳ್ಳಿ.

ನೀರಿನ ಬಗ್ಗೆ ಹೆಚ್ಚು ಎಚ್ಚರ. ಈಜು ಬರುತ್ತದೆ ಎಂದು ಅವಳು ಹೇಳಿದರೂ ಬರುವುದಿಲ್ಲ ಎಂದುಕೊಂಡೇ ಲೈಫ್ ಜಾಕೆಟ್ ಹಾಕಿಸಿ, ಒಬ್ಬ ದೊಡ್ಡವರು ಕೈಗೆಟುಕುವಷ್ಟು ಹತ್ತಿರ ಇರಿ. ಬೊಗೊಟಾ ಕಡೆಯವಳಾದರೆ 2,600 ಮೀಟರ್ ಎತ್ತರದ ತಂಪಿನಿಂದ ಡಾಲಸ್‌ನ ಜುಲೈ ಬಿಸಿಲಿಗೆ ಬರುತ್ತಾಳೆ, ಮೊದಲ ನಾಲ್ಕು ದಿನ ಮಧ್ಯಾಹ್ನ ಹೊರಗೆ ಬೇಡ. ಬೇಸಿಗೆಯಲ್ಲಿ ಎರಡೂ ಕಡೆ ಗಡಿಯಾರ ಒಂದೇ ಇರುವುದರಿಂದ ನಿದ್ದೆಯ ಹೊತ್ತು ಏರುಪೇರಾಗುವುದಿಲ್ಲ, ಅದೊಂದು ಅನುಕೂಲ.

ಉತ್ತರ 3 (ಅಡುಗೆಮನೆ): ನಮ್ಮ ಊಟಕ್ಕೂ ಅವರದ್ದಕ್ಕೂ ನೀವಂದುಕೊಂಡಷ್ಟು ದೂರವಿಲ್ಲ. ಅನ್ನ, ಹುರುಳಿಕಾಯಿ ಬೀಜ, ಮಸೂರ ಬೇಳೆ ಅಲ್ಲಿ ದಿನದ ಊಟ. ಪನೇಲಾ ಎಂದರೆ ನಮ್ಮ ಅಚ್ಚು ಬೆಲ್ಲವೇ, ಅದನ್ನು ಕರಗಿಸಿದ ನೀರನ್ನು ಬಿಸಿಯಾಗಿಯೋ ತಣ್ಣಗೋ ಕುಡಿಯುತ್ತಾರೆ. ಅಜ್ಜಿಯ ಪಾನಕ ಮೊದಲ ದಿನವೇ ನಡೆಯುತ್ತದೆ, ಏಲಕ್ಕಿ ಮೆಣಸು ಬಿಟ್ಟು ಮಾಡಲಿ. ಖಾರ ಅಭ್ಯಾಸವಿಲ್ಲ. ಹುಳಿಪುಡಿ, ಒಗ್ಗರಣೆ ಹಾಕುವ ಮೊದಲೇ ಒಂದು ಬಟ್ಟಲು ಬೆಂದ ಬೇಳೆ ತೆಗೆದಿಡಿ.

ಬೆಳಗ್ಗೆಗೆ ಅರೆಪಾ, ಅಂದರೆ ಅವರ ಮೆಕ್ಕೆಜೋಳದ ದಪ್ಪ ರೊಟ್ಟಿ: 2 ಕಪ್ ಮಾಸರೆಪಾ (ಮೊದಲೇ ಬೇಯಿಸಿದ ಮೆಕ್ಕೆಜೋಳದ) ಹಿಟ್ಟು, ಎರಡೂವರೆ ಕಪ್ ಬೆಚ್ಚಗಿನ ನೀರು, 1 ಚಮಚ ಉಪ್ಪು. ಹತ್ತು ನಿಮಿಷ ನೆನೆಯಲಿ, ಅಂಗೈಯಗಲ ತಟ್ಟಿ, ಅಕ್ಕಿ ರೊಟ್ಟಿಗಿಂತ ದಪ್ಪ, ಅರ್ಧ ಇಂಚು. ಕಾವಲಿಯ ಮೇಲೆ ಮಧ್ಯಮ ಉರಿಯಲ್ಲಿ ಒಂದೊಂದು ಬದಿ ಐದಾರು ನಿಮಿಷ. ಮೆಕ್ಸಿಕೋದವರ ಮಾಸಾ ಹರೀನಾ ತರಬೇಡಿ. ಅದು ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟು, ರುಚಿಯೂ ಹದವೂ ಬೇರೆ.

ಸಸ್ಯಾಹಾರಿ ಮನೆ ಎಂದು ಸಂಸ್ಥೆಗೆ ಮೊದಲೇ ತಿಳಿಸಿ. ಆದರೂ ಮೊಟ್ಟೆಗಾದರೂ ಒಂದು ಪ್ರತ್ಯೇಕ ಬಾಣಲೆ ಇಡಿ, ಹೊರಗೆ ಹೋದಾಗ ಕೋಳಿ ಕೇಳಿದರೆ ಕೊಡಿಸಿ. ನಾಲ್ಕು ವಾರದಲ್ಲಿ ಮಗುವಿನ ತಟ್ಟೆ ಬದಲಾಯಿಸಲು ಹೋಗಬೇಡಿ. ದಿಂಬಿನ ಕೆಳಗೆ ಬಿಸ್ಕತ್ತು ಸಿಕ್ಕರೆ ಅದು ಕಳ್ಳತನವಲ್ಲ, ನಾಳೆ ಇರುತ್ತದೋ ಇಲ್ಲವೋ ಎಂಬ ಹೆದರಿಕೆ. ಮುಚ್ಚಳದ ಡಬ್ಬಿ ತುಂಬಿಸಿ ಅವಳ ಕೋಣೆಯಲ್ಲೇ ಇಡಿ, ಖಾಲಿಯಾದಾಗ ಕೇಳದೆ ತುಂಬಿಸಿ.

ಉತ್ತರ 4: ಒಂದು ವಾರ ರಜೆ ಹಾಕಿ ಫ್ಲಾರಿಡಾದ ಥೀಮ್ ಪಾರ್ಕ್‌ಗೆ ಕರೆದುಕೊಂಡು ಹೋಗಿ. ಮಗುವಿಗೆ ಜೀವನಪೂರ್ತಿ ನೆನಪಿರುತ್ತದೆ.

ಉತ್ತರ 5 (ಆತಿಥ್ಯ ಕಾರ್ಯಕ್ರಮದ ಸಂಯೋಜಕಿ): ಮೇಲಿನ ಮಾತು ಒಪ್ಪಲಾರೆ. ಗದ್ದಲ, ಸಾಲು, ಸಕ್ಕರೆ, ನಿದ್ದೆಗೇಡು ಸೇರಿದರೆ ಮಗು ಸಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರವಾಸದಲ್ಲಿ ಕಾಣುವುದು ಪ್ರವಾಸವೇ, ಕುಟುಂಬ ಅಲ್ಲ. ತರಕಾರಿ ತರುವುದು, ಬಟ್ಟೆ ಮಡಿಸುವುದು, ಬೇಸರದ ಮಂಗಳವಾರ ಇವೇ ಬೇಕು.

ಮೊದಲ ಏಳೆಂಟು ದಿನ ಅತಿ ಒಳ್ಳೆಯ ಹುಡುಗಿಯಾಗಿರುತ್ತಾಳೆ. ಎರಡನೇ ವಾರ ಪರೀಕ್ಷೆ ಶುರು: ಮಾತಾಡದಿರುವುದು, ಸುಳ್ಳು, ಬಾಗಿಲು ಬಡಿಯುವುದು. ನೀವೂ ಕಳಿಸಿಬಿಡುತ್ತೀರಾ ಎಂದು ನೋಡುತ್ತಿರುತ್ತಾಳೆ. ಧ್ವನಿ ಏರಿಸದೆ ಅದೇ ಊಟದ ಹೊತ್ತು, ಅದೇ ಮಲಗುವ ಹೊತ್ತು ಕಾಯಿರಿ. ಕೊನೆಯ ವಾರ ಜಗಳ ತೆಗೆಯುವುದು ಬಿಟ್ಟು ಹೋಗುವ ನೋವು ತಾಳಲಾರದೆ. ಇಲ್ಲಿ ಎಷ್ಟೋ ದಂಪತಿ ‘ಇವಳಿಗೆ ನಾವು ಬೇಡ’ ಎಂದು ತಪ್ಪು ತಿಳಿಯುತ್ತಾರೆ. ದತ್ತಿನ ನಿರ್ಧಾರವನ್ನು ಆ ವಾರ ಮಾಡಲೇಬೇಡಿ.

ಮಗ 8 ವರ್ಷದವನು, ಆದ್ದರಿಂದ ಕೋಣೆ ಬೇರೆ, ಹಾಸಿಗೆ ಬೇರೆ. ಇಬ್ಬರನ್ನೂ ಮನೆಯಲ್ಲಿ ದೊಡ್ಡವರಿಲ್ಲದೆ ಬಿಡಬೇಡಿ. ಅವನ ಎರಡು ಮೂರು ಆಟಿಕೆ ಹಂಚಿಕೊಳ್ಳಬೇಕಿಲ್ಲ ಎಂದು ಮೊದಲೇ ಎತ್ತಿಡಿ.

ಅತ್ತೆ ಮಾವನಿಗೆ ಮೂರು ಮಾತು ಹೇಳಿ: ಅಪ್ಪ ಅಮ್ಮ ಎಲ್ಲಿ ಎಂದು ಕೇಳಬಾರದು, ಫೋಟೋ ವಾಟ್ಸಾಪ್ ಗುಂಪಿಗೆ ಹಾಕಬಾರದು, ಅವಳ ಎದುರು ಅವಳ ಬಗ್ಗೆ ಕನ್ನಡದಲ್ಲಿ ಮಾತಾಡಬಾರದು. ಭಾಷೆ ತಿಳಿಯದಿದ್ದರೂ ತನ್ನ ಹೆಸರು ಕೇಳಿದ ಕೂಡಲೇ ಅವಳ ಮುಖ ಬಾಡುತ್ತದೆ. ಫೋನಿನಲ್ಲಿ ಸ್ಪ್ಯಾನಿಷ್ ಅನುವಾದದ ಆಫ್‌ಲೈನ್ ಪ್ಯಾಕ್ ಇಳಿಸಿಕೊಳ್ಳಿ, ಒಂದು ಸಲಕ್ಕೆ ಒಂದೇ ಸಣ್ಣ ವಾಕ್ಯ. ಭಾವನೆಯ ಮಾತಿಗೆ ಮಾತ್ರ ಮನುಷ್ಯ ದುಭಾಷಿಯನ್ನೇ ಕರೆಯಿರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಧನ್ಯವಾದ. ನನ್ನನ್ನು ಏನಂತ ಕರೆಯಲಿ ಅವಳು? ಹೊರಡುವಾಗ ಏನು ಕೊಡಬಹುದು?

ಉತ್ತರ 5: ಹೆಸರು ಹಿಡಿದು, ಇಲ್ಲವೇ ‘ತೀಯಾ’. ನಮ್ಮ ಅತ್ತೆ, ಚಿಕ್ಕಮ್ಮ ಎರಡಕ್ಕೂ ಅವರಲ್ಲಿ ಅದೇ ಪದ. ‘ಅಮ್ಮ’ ಎಂದು ನೀವಾಗಿ ಹೇಳಿಕೊಡಬೇಡಿ, ‘ದತ್ತು’ ಎಂಬ ಪದವನ್ನೂ ಆಡಬೇಡಿ. ‘ಮತ್ತೆ ಬಾ’ ಎಂದರೂ ಅವಳಿಗೆ ಅದು ಮಾತು ಕೊಟ್ಟಂತೆ. ಹೋದ ಮೇಲೆ ಫೋನು, ಪತ್ರ ಎಲ್ಲವೂ ಸಂಸ್ಥೆಯ ಮೂಲಕವೇ.

ಕೊಡುವುದಾದರೆ ಅಳತೆಗೆ ಸರಿಯಾದ ಶೂ, ಏಳು ಜೊತೆ ಒಳಉಡುಪು, ಸ್ಪ್ಯಾನಿಷ್ ಸಾಲುಗಳಿರುವ ಮುದ್ರಿಸಿದ ಫೋಟೋ ಆಲ್ಬಮ್. ಫೋನು, ಟ್ಯಾಬ್ಲೆಟ್ ಬೇಡ, ಆಶ್ರಮದಲ್ಲಿ ಉಳಿಯುವುದು ಕಷ್ಟ, ಜಗಳಕ್ಕೂ ಮೂಲ. ಆಲ್ಬಮ್ಮಿನ ಇನ್ನೊಂದು ಪ್ರತಿ ನಿಮ್ಮಲ್ಲಿರಲಿ, ಅಲ್ಲಿ ಕಳೆದುಹೋದರೆ ಸಂಸ್ಥೆಯ ಮೂಲಕ ಮತ್ತೆ ಕಳಿಸಬಹುದು.