ಬಂಕರಿಗೆ ಹಗೇವು ಅನ್ನಬಹುದೇ?

ಡೊಂಬಿವಲಿಯ ನಮ್ಮ ಕನ್ನಡ ಬಳಗದ ಮಾಸಪತ್ರಿಕೆಗೆ ಮುಂಬಯಿಯ ಮಲಬಾರ್ ಹಿಲ್ ರಾಜಭವನದ ನೆಲದಡಿ ಇರುವ ಬ್ರಿಟಿಷರ ಕಾಲದ ಬಂಕರ್ ಬಗ್ಗೆ ಎರಡು ಪುಟ ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ. ದಶಕಗಳಿಂದ ಮುಚ್ಚಿದ್ದ ಅದು ಮತ್ತೆ ಬೆಳಕಿಗೆ ಬಂದದ್ದು 2016ರಲ್ಲಿ. ಒಳಗೆ 13 ಕೋಣೆ, ಹತ್ತಿರಹತ್ತಿರ 5,000 ಚದರಡಿ. ಶೆಲ್ (ಫಿರಂಗಿ ಗುಂಡು) ಸ್ಟೋರ್, ಕಾರ್ಟ್ರಿಜ್ (ಮದ್ದಿನ ತೋಟಾ) ಸ್ಟೋರ್, ಶೆಲ್ ಲಿಫ್ಟ್, ಪಂಪ್, ವರ್ಕ್‌ಶಾಪ್ ಅಂತ ಕೋಣೆಗಳಿಗೆ ಹೆಸರು. ಈಗ ಮ್ಯೂಸಿಯಂ ಆಗಿದೆ. ನನ್ನ ಪೆನ್ನು ಮಾತ್ರ ಶೀರ್ಷಿಕೆಯಲ್ಲೇ ನಿಂತಿದೆ. ಬಂಕರಿಗೆ ಏನನ್ನೋಣ?

ನೆಲಮಾಳಿಗೆ ಅಂದರು ಹಲವರು. ನಮ್ಮ ಬಾಗಲಕೋಟೆ ಕಡೆ ಮಾಳಿಗೆ ಅಂದರೆ ಮನೆಯ ಮೇಲಿನ ಮಣ್ಣಿನ ಚಾವಣಿ, ಬೇಸಿಗೆಯಲ್ಲಿ ಹಾಸಿಗೆ ಬಿಡಿಸುವ ಜಾಗ. ಅದನ್ನು ನೆಲದಡಿಗೆ ಇಳಿಸಿದರೆ ನನ್ನ ಕಿವಿ ಒಪ್ಪುವುದಿಲ್ಲ. ಸುರಂಗ ಅಂದರೆ ಈ ಕಡೆ ಹೊಕ್ಕು ಆ ಕಡೆ ಹೊರಬೀಳುವ ದಾರಿ. ಅದೂ ಅಲ್ಲದೆ ಮರಾಠಿಯಲ್ಲಿ ‘ಸುರುಂಗ’ ಅಂದರೆ ಬಂಡೆ ಸಿಡಿಸಲು ಇಡುವ ಮದ್ದು. ದಾರಿಗೆ ಅವರು ‘ಭುಯಾರ’ ಅನ್ನುತ್ತಾರೆ. ರಾಜಭವನದ ಕೆಳಗೆ ಸುರುಂಗ ಇದೆ ಅಂದರೆ ನಮ್ಮ ಬಿಲ್ಡಿಂಗಿನವರು ಪೊಲೀಸರನ್ನೇ ಕರೆದಾರು.

ನನಗೆ ಹೊಳೆದದ್ದು ಹಗೇವು. ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತಿ, ಊರಿನವರೇ ಗುರುತು ಮರೆಯುವಷ್ಟು ಅಡಗಿಸಿಡುವ ನೆಲದ ಕಣಜ. ಬಂಕರ್ ಅನ್ನುವ ಪದಕ್ಕೂ ಹಡಗಿನಲ್ಲಿ ಕಲ್ಲಿದ್ದಲು ತುಂಬಿಡುವ ಜಾಗ ಅನ್ನುವ ಅರ್ಥ ಯುದ್ಧದ ಅರ್ಥಕ್ಕಿಂತ ಹಳೆಯದು. ಹಾಗಾಗಿ ಇದು ದೂರದ ನೆಂಟಸ್ತಿಕೆಯೇನಲ್ಲ. ಮರಾಠಿಯಲ್ಲಿ ಹಗೇವಿಗೆ ‘ಪೇವ’. ಹಾಲು ಹಿಂದೆ ಪಾಲು ಆಗಿದ್ದಂತೆ ಹಗೇವಿನ ಹಿಂದೆಯೂ ಒಂದು ಪಕಾರ ಇದ್ದು, ಪೇವ ಅಲ್ಲಿಂದ ಬಂತೇ? ಹಳಗನ್ನಡ ಬಲ್ಲವರು ಹೇಳಬೇಕು.

ಒಂದೇ ತೊಡಕು, ದೀಪ. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಾಳು ಉಸಿರಾಡಿ ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಅಜ್ಜ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದ. ಅದು ಆರಿದರೆ ಆ ದಿನ ಜೋಳ ಇಲ್ಲ. ಬ್ರಿಟಿಷರ ಮದ್ದಿನ ಕೋಣೆಗಳಲ್ಲಿ ಇದರ ತಿರುಗುಮುರುಗು: ದೀಪ ಒಳಗೆ ಬರಲೇಬಾರದು. ಪಕ್ಕದ ಓಣಿಯ ಗೂಡಿನಲ್ಲಿ, ಗಾಜಿನ ಹಿಂದೆ ಇಟ್ಟು ಬೆಳಕನ್ನಷ್ಟೇ ಒಳಬಿಡುತ್ತಿದ್ದರು. ಆ ಲೆಕ್ಕಕ್ಕೆ ಮದ್ದಿನಮನೆಯೇ ಸರಿಯೇನೋ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಗಳಿವೆ. ಜೋಡಿ ರೈಲು ಹಳಿಗಾಗಿ 2017ರಲ್ಲಿ ಒಂದನ್ನು ಇಡಿಯಾಗಿ ಪಕ್ಕಕ್ಕೆ ಸರಿಸಿದರಲ್ಲ, ಅದೇ ಜಾತಿ. ಆದರೆ ಮದ್ದಿಲ್ಲದ, ಜನ ಅಡಗಿ ಕೂರುವ ಬೇರೆ ಬಂಕರುಗಳಿಗೆ ಆ ಹೆಸರು ಹೊಂದದು.

ಇನ್ನು ನನ್ನ ಲೇಖನದಲ್ಲಿ ಬರುವ ಕರೆಂಟಿನ ಸಾಮಾನಿನ ಹೆಸರುಗಳು. ಪರೇಲಿನ ಗಿರಣಿಯೊಂದರ ತಳಘರದಲ್ಲಿ ನಾನು ವೈರಮನ್ ಆಗಿದ್ದಾಗ, ಬಿಳಿಕಲ್ಲಿನ ಫಲಕದ ಮೇಲೆ ಬೆತ್ತಲೆ ತಾಮ್ರದ ಅಲಗು, ಮರದ ಹಿಡಿ ಇದ್ದ ಸ್ವಿಚ್ಚುಗಳಿದ್ದವು. ಇಂಗ್ಲಿಷಿನಲ್ಲಿ ನೈಫ್ ಸ್ವಿಚ್. ನಾನು ‘ಕತ್ತಿ ಸ್ವಿಚ್’ ಎಂದು ಬರೆದಿದ್ದೇನೆ, ಚಾಕು ಅದಕ್ಕೆ ಸಣ್ಣದಾಯಿತು. ಪಿಂಗಾಣಿ ಫ್ಯೂಸಿಗೆ ಮುಂಬಯಿಯಲ್ಲಿ ಕಿಟ್‌ಕ್ಯಾಟ್, ಊರಲ್ಲಿ ಬರೀ ‘ಪೀಜು’. ಪೀಜೇ ಇಟ್ಟುಕೊಳ್ಳುತ್ತೇನೆ, ಯಾರೂ ತಕರಾರು ಎತ್ತಬೇಡಿ. ಸ್ವಿಚ್ಚಿಗೆ ಇಲ್ಲಿ ‘ಖಟ್ಕಾ’ ಅನ್ನುತ್ತಾರೆ, ಸದ್ದೇ ಹೆಸರಾದದ್ದು. ನಮ್ಮಲ್ಲಿ ಗುಂಡಿ. ಅದೇ ಈಗ ಪೇಚು: ‘ಗುಂಡಿಗೆ ಇಳಿದು ಗುಂಡಿ ಒತ್ತಿದೆ’ ಅಂತ ನನ್ನ ಕರಡಿನಲ್ಲಿದೆ, ಮಗಳು ಓದಿ ನಕ್ಕಳು. ಒತ್ತುವುದಕ್ಕೆ ಗುಂಡಿಯಲ್ಲದ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ಭಾನುವಾರದೊಳಗೆ ತಿಳಿಸಿ. ಸೋಮವಾರ ಅಚ್ಚಿಗೆ ಹೋಗುತ್ತದೆ.