ಜುಲೈನಲ್ಲಿ ಉಡುಪಿ ಕಡೆ ಬಂದ್ರೆ ಒಳ್ಳೆ ಮೀನೂಟ ಸಿಗುತ್ತಾ?

ದಾವಣಗೆರೆಯವ
ಎಲ್ಲರಿಗೂ ನಮಸ್ಕಾರ. ಜುಲೈ 10ರಿಂದ ನಾಲ್ಕು ದಿನ ಉಡುಪಿ, ಮಲ್ಪೆ, ಸಾಧ್ಯ ಆದ್ರೆ ಕಾರವಾರದವರೆಗೂ ಹೋಗುವ ಪ್ಲಾನ್ ಇದೆ. ನಾನು, ಹೆಂಡತಿ, 68 ವರ್ಷದ ಅಪ್ಪ. ದೇವಸ್ಥಾನ ಅನ್ನೋದು ನೆಪ, ಅಸಲಿ ಕಾರಣ ಮೀನೂಟ. ಕೆರೆ ಮೀನು ತಿಂದು ಬೆಳೆದವರು ನಾವು. ಕಾಟ್ಲಾ, ರೋಹು ಬಿಟ್ಟರೆ ಬೇರೆ ಗೊತ್ತಿಲ್ಲ. ಹೋದ ಡಿಸೆಂಬರ್‌ನಲ್ಲಿ ಹೈವೇ ಪಕ್ಕದ ಒಂದು ಹೋಟೆಲ್‌ನಲ್ಲಿ ರೇಟ್ ಕೇಳದೆ ಪಾಂಫ್ರೆಟ್ ಫ್ರೈ ಹೇಳಿ 1,400 ರೂಪಾಯಿ ಕೊಟ್ಟು ಬಂದೆವು. ಮೇಲೆ ಮಸಾಲೆ ಸೀದಿತ್ತು, ಮುಳ್ಳಿನ ಹತ್ತಿರ ಇನ್ನೂ ತಣ್ಣಗಿತ್ತು. ಈ ಸಲ ಏನು ಕೇಳಿ ತಿನ್ನಬೇಕು ಹೇಳಿ. ಅಪ್ಪನಿಗೆ ಮುಳ್ಳು ಅಂದ್ರೆ ಭಯ.

ಮಲ್ಪೆ ಸೊಸೆ
ತಾರೀಕು ನೋಡಿ ನಗು ಬಂತು ಮಾರಾಯ್ರೆ, ಬೇಜಾರು ಮಾಡ್ಕೋಬೇಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಸಮಯ ಅಂತ ಸರ್ಕಾರದ ನಿಷೇಧ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಆಗ ಹೋಟೆಲ್‌ಗಳಲ್ಲಿ ಸಿಗೋದು ಜಾಸ್ತಿ ಐಸ್ ಮೀನು. ನಾಡದೋಣಿಯವರಿಗೆ ನಿಷೇಧ ಇಲ್ಲ, ಆದರೆ ಕಡಲು ಒಂದಿಷ್ಟು ಶಾಂತವಾದ ದಿನ ಮಾತ್ರ ಹೋಗುತ್ತಾರೆ. ಅವರು ತಂದ ಮೀನು ಸಿಕ್ಕಿದರೆ ನಿಮ್ಮ ಅದೃಷ್ಟ.

ಹಾಗಂತ ಬರಬೇಡಿ ಅಂತ ಹೇಳುವುದಿಲ್ಲ. ಮಳೆಗಾಲದ ಊಟವೇ ಬೇರೆ. ಒಣ ಸಿಗಡಿಯನ್ನು ಕಾವಲಿಯಲ್ಲಿ ಗರಿಗರಿ ಹುರಿದು, ತಲೆ ಬಾಲ ಮುರಿದು, ಕಾಯಿತುರಿ, ಸುಟ್ಟ ಒಣಮೆಣಸು, ಒಂಚೂರು ಹುಣಸೆ ಹಾಕಿ ತರಿತರಿಯಾಗಿ ಗುದ್ದಿದ ಚಟ್ನಿ. ಜೊತೆಗೆ ಬಿಸಿ ಕುಚ್ಚಲಕ್ಕಿ ಗಂಜಿ. ಹೊರಗೆ ಮಳೆ ಹೊಡೀತಾ ಇರಬೇಕು. ಪಾಂಫ್ರೆಟ್ ಯಾರಿಗೆ ಬೇಕು ಹೇಳಿ! (ನನ್ನ ಪ್ರಕಾರ ಪಾಂಫ್ರೆಟ್‌ಗೆ ಹೆಸರು ಜಾಸ್ತಿ, ರುಚಿ ಕಮ್ಮಿ. ಮನೆಯವರು ಒಪ್ಪುವುದಿಲ್ಲ.)

ಆಗಸ್ಟ್ ನಂತರ ಬಂದ್ರೆ ಬೂತಾಯಿ (ಸಾರ್ಡಿನ್ ಮೀನು) ಪುಳಿಮುಂಚಿ, ಅಂದ್ರೆ ಹುಳಿ-ಖಾರದ ಮೀನು ಸಾರು, ಬಿಡಬೇಡಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಸೌಟು ಹಾಕಿ ತಿರುವಿ ಇಡೀ ಪಾತ್ರೆ ಮೀನನ್ನು ಪುಡಿ ಮಾಡಿದ್ದೆ. ಅತ್ತೆ ಬೈಯಲಿಲ್ಲ, ಮಾರನೇ ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ನಾಲ್ಕೇ ನಾಲ್ಕು ಕಾಳು ಮೆಂತೆ, ಚಿಟಿಕೆ ಓಮ, ಹುಣಸೆ, ಬೆಳ್ಳುಳ್ಳಿ ಎಲ್ಲ ನುಣ್ಣಗೆ ಅರೆದು, ಮೊದಲು ಮಸಾಲೆಯನ್ನೇ ಚೆನ್ನಾಗಿ ಕುದಿಸಬೇಕು. ಮೀನು ಬೀಳುವುದು ಆಮೇಲೆ. ಬಿದ್ದ ಮೇಲೆ ಸೌಟು ಮುಟ್ಟುವ ಹಾಗಿಲ್ಲ. ಮಣ್ಣಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಮೆಲ್ಲ ಒಂದು ಸುತ್ತು ಅಲ್ಲಾಡಿಸಿದರೆ ಸಾಕು. ಅದನ್ನೂ ಆ ದಿನ ತಿನ್ನಬಾರದು, ಮಾರನೇ ದಿನ ಬೆಳಿಗ್ಗೆ ನೀರ್ ದೋಸೆಗೆ ಹಾಕಿಕೊಳ್ಳಬೇಕು.

ಹೋಟೆಲ್‌ನಲ್ಲಿ ಕೂತ ಕೂಡಲೇ "ಇವತ್ತು ಎಂತ ಮೀನು ಉಂಟು?" ಅಂತ ಕೇಳಿ. ಎಷ್ಟೋ ಕಡೆ ಮಸಾಲೆ ಹಚ್ಚಿದ ಮೀನಿನ ತಟ್ಟೆಯನ್ನೇ ಟೇಬಲ್‌ಗೆ ತರುತ್ತಾರೆ. ಬೆರಳು ತೋರಿಸಿ, ಆಗಲೇ ರೇಟ್ ಕೇಳಿ. ನಾಚಿಕೆ ಬೇಡ. ನಾವೂ ಕೇಳುತ್ತೇವೆ.

ಕಾಳಿ ದಂಡೆ
ಕಾರವಾರಕ್ಕೆ ಬಂದ್ರೆ ಹೆಸರೇ ಬದಲಾಗುತ್ತೆ, ಗಾಬರಿ ಬೇಡ. ಉಡುಪಿಯ ಅಂಜಲ್ (ಸೀರ್ ಫಿಶ್) ಇಲ್ಲಿ ಇಸ್ವಣ, ಬೂತಾಯಿ ಇಲ್ಲಿ ತಾರ್ಲೆ. ಫ್ರೈಗೆ ಮಸಾಲೆ ಮೇಲೆ ರವೆ ಹೊರಳಿಸುತ್ತೇವೆ. ಬಾಂಗ್ಡೆ (ಬಂಗುಡೆ, ಮ್ಯಾಕೆರೆಲ್) ಸಾರಿಗೆ ತಿರ್ಫಳ ಅನ್ನುವ ಮಸಾಲೆ ಕಾಯಿ ಬೀಳಲೇಬೇಕು, ನಾಲಿಗೆ ಜುಂ ಅನ್ನುತ್ತೆ. ಊಟ ಮುಗಿದ ಮೇಲೆ ಒಂದು ಲೋಟ ಸೋಲ್ ಕಡಿ ಕುಡಿಯಿರಿ. ಕೋಕಂ (ಮುರುಗಲ ಹುಳಿ), ತೆಂಗಿನ ಹಾಲು ಸೇರಿದ್ದು, ಗುಲಾಬಿ ಬಣ್ಣ. ಮಲ್ಪೆ ಅಕ್ಕ ಸಿಟ್ಟಾದರೂ ಪರವಾಗಿಲ್ಲ, ಹುಣಸೆಗಿಂತ ಕೋಕಮ್ಮೇ ಮೇಲು.

ಮಲ್ಪೆ ಸೊಸೆ
ಸಿಟ್ಟಿಲ್ಲ. ನಾಲಿಗೆ ಜುಂ ಆದವರಿಗೆ ಹುಣಸೆ ರುಚಿ ಹೇಗೆ ಗೊತ್ತಾಗಬೇಕು!

ಬೆಂಗಳೂರು ಕುಂದಾಪ್ರ
ಅಪ್ಪನಿಗೆ ಕಾಣೆ ಮೀನು (ಲೇಡಿಫಿಶ್) ಕೊಡಿಸಿ. ನಡುವೆ ಒಂದು ಮುಳ್ಳು, ಎಳೆದರೆ ಪೂರ್ತಿ ಕೈಗೆ ಬರುತ್ತೆ. ಅಂಜಲ್ ತುಂಡೂ ಆಗಬಹುದು. ಬೂತಾಯಿ, ಬಂಗುಡೆ ನಿಮ್ಮ ತಟ್ಟೆಗಿರಲಿ. ಮಾರ್ಕೆಟ್‌ನಲ್ಲಿ ತಗೊಳ್ಳುವುದಾದರೆ ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಬೆರಳಲ್ಲಿ ಒತ್ತಿದ ಗುಳಿ ಹಾಗೇ ಉಳಿದರೆ ಮುಂದೆ ನಡೆಯಿರಿ. ಮೀನು ಮಾರುವ ಅಕ್ಕಂದಿರು ಬೈದರೆ ಬೈಸಿಕೊಳ್ಳಿ, ಅದು ಪ್ರೀತಿ. ನಾನು ಇಲ್ಲಿ ಫ್ರಿಜ್ ಮೀನು ತಿಂದುಕೊಂಡು ಇದನ್ನೆಲ್ಲ ಟೈಪ್ ಮಾಡುತ್ತಿದ್ದೇನೆ, ನನ್ನ ಹಣೆಬರಹ.

ದಾವಣಗೆರೆಯವ
ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. "ಸಿಗಡಿ ಚಟ್ನಿಗೆ ಮುಳ್ಳೇ ಇಲ್ಲವಲ್ಲ, ಜುಲೈಗೇ ಹೋಗೋಣ" ಅಂದರು. ಬೂತಾಯಿಗೆ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ. ಹೆಂಡತಿಯದು ಒಂದೇ ಪ್ರಶ್ನೆ: ಒಣ ಮೀನು ಕಾರಿನಲ್ಲಿ ತಂದರೆ ವಾಸನೆ ಎಷ್ಟು ದಿನ ಇರುತ್ತೆ?

ಮಲ್ಪೆ ಸೊಸೆ
ಕಾರು ಮಾರುವವರೆಗೆ.